ನಾಲ್ಕನೆಯ ಕಿಟಕಿಯ ದೊರೆಸಾನಿ

"ಆ ಮುಖಕ್ಕೆ ಮಾತ್ರ ಕೈ ಹಚ್ಬೇಡಿ ಅಮ್ಮಾವ್ರೇ. ಅವಳು ಆ ಜಾಗನ ಖಾಲಿ ಬಿಡೋಳಲ್ಲ," ಎಂದಳು ಮನೆಗೆಲಸದ ಮುದುಕಿ ಪೆರ್ರೀನ್. ಹೇಳುವಾಗ ಅವಳ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ಓರೆಲಿ ನಕ್ಕಳು. "ಬಣ್ಣ ಬಳಿದ ಗೋಡೆಗೆ ಹೆದ್ರೋಕೆ ನಾನೇನು ನಿಮ್ಮೂರ ಪೆದ್ದು ಬಾತುಕೋಳಿನಾ?"

ಲಿಯೋನ್ ಪಟ್ಟಣದ ಹುಡುಗಿ. ಮದುವೆಯಾಗಿ ಬೆರ್ರಿ ಸೀಮೆಯ ಈ ಕೋಟೆಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ಮುಂಗೋಡೆಯ ಎಡಕ್ಕೆ ನಾಲ್ಕು ಕಿಟಕಿ, ಬಲಕ್ಕೆ ಮೂರೇ. ನಾಲ್ಕನೆಯದನ್ನು ಕೊರೆಯಲು ಹಳೆಯ ಬುರುಜಿನ ದಪ್ಪಗೋಡೆ ಅಡ್ಡ. ಜೋಡಿ ತಪ್ಪಬಾರದೆಂದು ಅಲ್ಲಿ ಕಿಟಕಿಯ ಚಿತ್ರವನ್ನೇ ಬರೆಸಿದ್ದರು. ಅದರ ಅರೆತೆರೆದ ಕದದ ಹಿಂದೆ ನೀಲಿ ಉಡುಪಿನ ಹೆಂಗಸೊಬ್ಬಳು ಹೆಬ್ಬಾಗಿಲ ದಾರಿ ನೋಡುತ್ತ ನಿಂತಿದ್ದಳು. ಎಂದೋ ಸತ್ತ ದೊರೆಸಾನಿ. ಗಂಡ ಯಾರ್ಯಾರನ್ನು ಕರೆತರುತ್ತಾನೆಂದು ಸತ್ತ ಮೇಲೂ ನೋಡುತ್ತಿರಲು, ತನ್ನ ರಕ್ತವನ್ನೇ ಬಣ್ಣಕ್ಕೆ ಬೆರೆಸಿ, ಮಾಟಗಾತಿಯಿಂದ ಮಂತ್ರ ಹಾಕಿಸಿ ಬರೆಸಿಕೊಂಡಳಂತೆ.

ಓರೆಲಿಗೆ ಮಾಟದ ಚಿಂತೆಯಿರಲಿಲ್ಲ, ಚಿಂತೆ ಗಂಡನದು. ಎಮರಿಕ್ ಸಂಜೆ ಬಂದವನೇ ಮೊದಲು ಟೋಪಿ ಎತ್ತುತ್ತಿದ್ದುದು ಆ ಕಿಟಕಿಗೆ. ಅವನ ಅಪ್ಪ, ಅಜ್ಜ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಬಾಗಿಲಲ್ಲಿ ಕಾದು ನಿಂತ ಹೆಂಡತಿಗೆ ಸಿಗುತ್ತಿದ್ದುದು ಆಮೇಲಿನ ಮುತ್ತು, ಎಂಜಲಿನ ಹಾಗೆ. ಸವತಿ ಮಣ್ಣಿನ ಗೊಂಬೆಯಾದರೂ ಸವತಿಯೇ ತಾನೆ! ಅವನು ಮೊದಲು ತನ್ನನ್ನು ನೋಡಬೇಕು, ಒಂದೇ ಒಂದು ಸಂಜೆಯಾದರೂ. ಈ ಆಸೆ ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಕೂತಿತ್ತು.

ಅವತ್ತು ಅವನು ಸಂತೆಗೆ ಹೊರಟದ್ದೇ ತಡ, ಏಣಿ ಹಾಕಿಸಿದಳು. ಸುಣ್ಣದ ಬಕೆಟ್ಟು, ಕರಣೆ ಹಿಡಿದು ತಾನೇ ಹತ್ತಿದಳು. ಕೆರೆದಳು. ಮೊದಲು ಬಾಯಿ ಉದುರಿತು, ಆಮೇಲೆ ಕೆನ್ನೆ. ಸುಣ್ಣದ ಘಾಟಿನ ಅಡಿಯಿಂದ ಹಸಿ ರಕ್ತದ ವಾಸನೆ ಮೂಗಿಗೆ ಹೊಡೆಯಿತು. ಕಂದಕದ ಕಪ್ಪೆಗಳು ಒಮ್ಮೆಗೇ ಸುಮ್ಮನಾದವು.

"ಇನ್ನು ಯಾರನ್ನ ನೋಡ್ತೀಯೋ ನೋಡು," ಎಂದು ಹಲ್ಲು ಕಚ್ಚಿ ಕಣ್ಣನ್ನೂ ಕಿತ್ತಳು.

ಕತ್ತಲೆ.

ಕಣ್ಣಿಗೆ ಸುಣ್ಣ ಸಿಡಿಯಿತೇನೋ ಎಂದುಕೊಂಡಳು. ಒರೆಸಿಕೊಳ್ಳಲು ಕೈ ಏಳಲಿಲ್ಲ. ಬೆನ್ನಿಗೆ ತಣ್ಣನೆಯ ಕಲ್ಲು. ಮುಖದ ಮೇಲೆ ಏನೋ ಬಿಗಿದು ಒಣಗುತ್ತಿತ್ತು. ಕೂಗಿದಳು. ತುಟಿ ಅಲುಗಲಿಲ್ಲ. ಉಸಿರಿಲ್ಲ. ಸಾವೂ ಇಲ್ಲ. ಮೆಲ್ಲನೆ ಬೆಳಕು ಮೂಡಿತು. ಎದುರಿಗೆ ಹೆಬ್ಬಾಗಿಲ ದಾರಿ. ಏಣಿ ಇಳಿಯುತ್ತಿದ್ದಳು ಒಬ್ಬಳು. ಓರೆಲಿಯದೇ ಉಡುಪು, ಓರೆಲಿಯದೇ ಮೈ. ನಡಿಗೆ ಮಾತ್ರ ಬೇರೆ. ಪೆರ್ರೀನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಏಣಿ ಎತ್ತಿಟ್ಟಳು.

ಸಂಜೆ ಎಮರಿಕ್ ಬಂದ. ಓರೆಲಿ ಗೋಡೆಯೊಳಗೆ ಚೀರಿದಳು, ನೋಡು, ನಾನು ನೋಡು. ಅವನು ನಿಂತ. ಕತ್ತೆತ್ತಿದ. ಎಲ್ಲರಿಗಿಂತ ಮೊದಲು ಅವಳಿಗೇ ಟೋಪಿ ಎತ್ತಿದ.

ಚಿತ್ರದ ಮುಖ ಬದಲಾದದ್ದು ಅವನ ಗಮನಕ್ಕೆ ಬರಲಿಲ್ಲ. ಟೋಪಿ ಎತ್ತುವುದು ಕೈಗೆ ಅಂಟಿದ ಅಭ್ಯಾಸ. ಆ ಮುಖವನ್ನು ಅವನು ಎಂದೂ ನೋಡಿದವನೇ ಅಲ್ಲ. ಆಮೇಲಿನ ಮುತ್ತು ಬಾಗಿಲಲ್ಲಿ ಕಾದಿದ್ದವಳ ಪಾಲಾಯಿತು.