ಗೇಟು ದಾಟದ ಟಿಕೆಟ್

ಜಪಾನಿನ ಹೊಕ್ಕೈಡೋದ ಈ ಸಣ್ಣ ಜಂಕ್ಷನ್ನಿನ ಗೇಟಿನಲ್ಲಿ ಟಿಕೆಟ್ ನೋಡುವವನು ನಾನು. ಹನ್ನೊಂದು ವರ್ಷದ ಹಿಂದೆ ಕಿನುಯೊ ಎಂಬ ಅಜ್ಜಿ, ಇನ್ನೂ ಕಾಣದ ಮೊಮ್ಮಗನನ್ನು ನೋಡಲು ಹೊರಟವರು, ಇಲ್ಲಿ ಗಾಡಿ ಬದಲಿಸಲು ಇಳಿದರು. ಹಿಮ ಬಿದ್ದು ಮುಂದಿನ ಗಾಡಿ ಮರುದಿನಕ್ಕೆ ಹೋಗಿತ್ತು.

“ಟಿಕೆಟ್ ಇವತ್ತಿಗೇ ಮುಗಿಯುತ್ತಲ್ಲಪ್ಪ?”

“ಗೇಟು ದಾಟಬೇಡಿ ಅಜ್ಜಿ. ಒಳಗೇ ಇದ್ರೆ ತಾರೀಖು ಕಳೆದ್ರೂ ನಡೆಯುತ್ತೆ.”

“ನಿನ್ನ ಮಾತು ಕೇಳಿ ನಾನಿಲ್ಲಿ ಕೂತೇ ಕಲ್ಲಾದ್ರೆ?”

“ದಿನಾ ಚಹಾ ತಂದಿಡ್ತೀನಿ ಬಿಡಿ!”

ನಕ್ಕು ಅರ್ಧ ಕಿತ್ತಳೆ ಕೊಟ್ಟರು.

ಗೇಟಿನಾಚೆ ಎದುರಿಗೇ ವಸತಿಗೃಹವಿತ್ತು. ಅಲ್ಲಿ ಮಲಗಿ ಎನ್ನಲು ನನಗೆ ತೋಚಲಿಲ್ಲ. ಬೆಳಿಗ್ಗೆ ಕಾಯುವ ಕೋಣೆಯ ಒಲೆಯಲ್ಲಿ ಸೀಮೆಎಣ್ಣೆ ತೀರಿತ್ತು. ಬೆಂಚಿನ ಮೇಲೆ ಅಜ್ಜಿ ತಣ್ಣಗಾಗಿದ್ದರು, ಮುಷ್ಟಿಯಲ್ಲಿ ಟಿಕೆಟ್. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಮಗಳು ಆ ಟಿಕೆಟನ್ನು ಶವಪೆಟ್ಟಿಗೆಯಲ್ಲೇ ಇಟ್ಟಳು. ಪೆಟ್ಟಿಗೆಯೂ ಟಿಕೆಟೂ ಬೆಂಕಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಆಮೇಲೆ ಅಜ್ಜಿ ಹೋಗಬೇಕಿದ್ದ ಕವಲು ಮಾರ್ಗವನ್ನೇ ಮುಚ್ಚಿ ಹಳಿ ಕಿತ್ತರು. ಆದರೂ ದಿನಾ ಮಧ್ಯಾಹ್ನ ಕೋಣೆಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ. ಒಲೆ ಧಗಧಗ ಉರಿದರೂ ಬೆಂಚಿನ ಒಂದು ತುದಿ ಮಂಜುಗಡ್ಡೆ. ಅಲ್ಲಿಟ್ಟ ಚಹಾ ಕೈ ತೆಗೆಯುವಷ್ಟರಲ್ಲಿ ಆರುತ್ತದೆ.

“ಇನ್ನು ಗಾಡಿ ಬರಲ್ಲ ಅಜ್ಜಿ, ನಂದೇ ತಪ್ಪು, ಹೊರಗೆ ಬನ್ನಿ,” ಎಂದು ಗೇಟು ತೆರೆದಿಟ್ಟು ಎಷ್ಟು ಸಲ ಬೇಡಿದೆನೋ.

ನಾಳೆ ನನ್ನ ನಿವೃತ್ತಿ. ನಿನ್ನೆ ಆ ಬೆಂಚಿನ ಮೇಲೆ ಅದೇ ಟಿಕೆಟ್ ಸಿಕ್ಕಿತು, ಅದೇ ತಾರೀಖಿನದು. ಇನ್ನಾದರೂ ಬಿಡುಗಡೆಯಾಗಲಿ ಎಂದು ‘ರದ್ದು’ ಮುದ್ರೆ ಒತ್ತಿ ಗೇಟಿನ ಹೊರಗಿಟ್ಟೆ.

ಇವತ್ತು ಅದು ಮತ್ತೆ ಬೆಂಚಿನ ಮೇಲಿದೆ. ಮುದ್ರೆಯಿಲ್ಲ. ಈಗಷ್ಟೇ ಯಾರೋ ಮುಷ್ಟಿ ಬಿಚ್ಚಿದಂತೆ ಬೆಚ್ಚಗಿದೆ.