ಕಲೆ ಉಳಿಸದ ನೀರು

"ಶುಕ್ರವಾರ ಸಂಜೆ ಐದಕ್ಕೆ ನನ್ನ ಕೆಲಸ ಹೋಗುತ್ತಂತೆ ಸಿಸ್ಟರ್! ಮೂರು ಜನರ ಗಾಯದಲ್ಲಿ ಕೀವು ತುಂಬಿದ್ದಕ್ಕೆ ನಾನೇ ಕಾರಣವಂತೆ," ಎಂದು ನನ್ನಕ್ಕ ಮಂಗಳವಾರ ನಮ್ಮ ನರ್ಸ್ ಸಿಸ್ಟರ್ ಮುಂದೆ ಬಂದು ಬಿಕ್ಕಿದಳು.

ಆಪರೇಷನ್ನಿನ ಕೊಳವೆಗಳನ್ನು ಔಷಧಿಯಲ್ಲಿ ನೆನೆಸಿ, ಕೊನೆಗೆ ನೀರಿನಲ್ಲಿ ತೊಳೆದು ಕೊಡುವುದು ಅವಳ ಕೆಲಸ. ಆ ನೀರನ್ನು ಲ್ಯಾಬಿನವರು ಪ್ರತಿ ಸೋಮವಾರ ಪರೀಕ್ಷಿಸುತ್ತಿದ್ದರು. ವರದಿಯಲ್ಲಿ ಒಂದು ಕ್ರಿಮಿಯೂ ಇರಲಿಲ್ಲ. ಹಾಗಾದರೆ ತಪ್ಪು ತೊಳೆಯುವವಳದೇ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಬುದ್ಧಿಗೆ ನನ್ನ ಮೈಯೆಲ್ಲ ಉರಿಯಿತು.

ನಾನು ಸೋಂಕು ತಡೆ ವಿಭಾಗದ ಸಿಸ್ಟರ್‌ಗೆ ಸಹಾಯಕಿ. ಬೆನ್ನ ಹಿಂದೆ ಆಸ್ಪತ್ರೆಯೆಲ್ಲ ಅವರನ್ನು 'ಭೂತಗನ್ನಡಿ' ಎನ್ನುತ್ತಿತ್ತು.

ಅಕ್ಕ ನಮ್ಮನ್ನು ಕರೆದೊಯ್ದ ತೊಳೆಯುವ ಕೋಣೆಗೆ ಕಿಟಕಿಯೇ ಇಲ್ಲ. ನನಗೆ ಉಸಿರು ಕಟ್ಟಿತು. ಸಿಸ್ಟರ್ ಮಾತ್ರ ನಲ್ಲಿಯ ಬಾಯಿಗೆ ಕಟ್ಟಿದ್ದ ಬಿಳಿ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ಬೀಗ ತೆಗೆಯೋದು ಯಾರು?"

"ನಾನೇ, ಎಂಟಕ್ಕೆ," ಎಂದಳು ಅಕ್ಕ. "ಇರೋದೊಂದೇ ಕೀಲಿಕೈ."

"ಇನ್ಮೇಲೆ ಈ ನಲ್ಲಿ ಮುಟ್ಟಬೇಡ."

ಲ್ಯಾಬಿನ ಫ್ರಿಜ್ಜಿನಲ್ಲಿ ಸೋಮವಾರ ಪರೀಕ್ಷಿಸಿದ ನೀರಿನ ಬಾಟಲಿ ಇನ್ನೂ ಇತ್ತು. ಚೀಟಿಯಲ್ಲಿ ಅಲ್ಲಿನ ಟೆಕ್ನಿಷಿಯನ್ನನ ಕೈಬರಹ: 'ತೊಳೆಯುವ ಕೋಣೆ, ಬೆಳಿಗ್ಗೆ ಏಳೂವರೆ.'

ಶುಕ್ರವಾರ ನಾಲ್ಕೂವರೆಗೆ ಸಿಸ್ಟರ್ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದರು: ಸೂಪರಿಂಟೆಂಡೆಂಟ್, ನೀರಿನ ಟ್ಯಾಂಕಿನ ಮೇಸ್ತ್ರಿ, ಟೆಕ್ನಿಷಿಯನ್, ಅಕ್ಕ. ಎರಡು ಗಾಜಿನ ಸ್ಲೈಡುಗಳ ಮೇಲೆ ನಲ್ಲಿಯ ನೀರು ಒಂದು ಹನಿ, ಬಾಟಲಿಯದು ಒಂದು ಹನಿ ಹಾಕಿ ಬಿಸಿ ಮಾಡಿದರು. ಮೊದಲನೆಯದು ಆರಿ ಬಿಳಿ ಕಲೆ ಬಿಟ್ಟಿತು. ಎರಡನೆಯದರಲ್ಲಿ ಏನೂ ಉಳಿಯಲಿಲ್ಲ.

"ಮೇಸ್ತ್ರಿ ಟ್ಯಾಂಕಿಗೆ ಕ್ಲೋರಿನ್ ಹಾಕಿದ್ರೆ ಕ್ರಿಮಿ ಸಾಯಬಹುದು, ನೀರಿನ ಸುಣ್ಣ ಹೋಗಲ್ಲ," ಎಂದರು ಸಿಸ್ಟರ್. "ಬಾಟಲೀಲಿರೋದು ಈ ನಲ್ಲಿ ನೀರೇ ಅಲ್ಲ, ಸುಣ್ಣಾನೇ ಇರದ ಲ್ಯಾಬಿನ ಡಿಸ್ಟಿಲ್ಡ್ ನೀರು. ಚೀಟೀಲಿ ನೀನು ಬರೆದ ಏಳೂವರೆಗೆ ಈ ಬಾಗಿಲಿಗೆ ಬೀಗ ಇತ್ತಲ್ಲಪ್ಪಾ, ಒಳಗೆ ಹೇಗೆ ಬಂದೆ? ಮಂಗಳವಾರ ನಾನೇ ಇಲ್ಲಿಂದ ನೀರು ಹಿಡಿದು ಹೊರಗಿನ ಲ್ಯಾಬಿಗೆ ಕಳಿಸಿದ್ದೆ. ಕ್ರಿಮಿ ಕಿಕ್ಕಿರಿದಿದೆ."

ಟೆಕ್ನಿಷಿಯನ್ ಗೋಡೆಗೆ ಒರಗಿದ.

"ಎರಡು ತಿಂಗಳ ಹಿಂದೆ ಕ್ರಿಮಿ ಕಂಡಾಗ ನಿಜಾನೇ ಬರೆದೆ. ಆಪರೇಷನ್ ನಿಂತೋಯ್ತು ಅಂತ ಈ ಸಾಹೇಬ್ರೇ ಎಲ್ಲರ ಮುಂದೆ ಉಗಿದ್ರು. ಮುಂದಿನ ವಾರ ಹೆದರಿ ಸುಳ್ಳು ಬರೆದೆ. ಆಮೇಲೆ ನಿಜ ಬರೆದ್ರೆ ಹಿಂದಿನ ಸುಳ್ಳು ಹೊರಗೆ ಬರ್ತಿತ್ತು. ಸಿಕ್ಕಿಹಾಕ್ಕೊಂಡೆ, ಸಿಸ್ಟರ್."

ಸೂಪರಿಂಟೆಂಡೆಂಟ್ ತಲೆ ತಗ್ಗಿಸಿದರು. ಅಕ್ಕನ ಕೆಲಸ ಎಲ್ಲಿಗೂ ಹೋಗುವುದಿಲ್ಲ ಎಂದು ಗೊಣಗಿದರು.

"ಗೆದ್ದೆ ಕಣೇ ಅಕ್ಕಾ!" ಎಂದು ನಾನು ಅವಳನ್ನು ತಬ್ಬಿಕೊಂಡೆ.

ಅವಳು ನಗಲಿಲ್ಲ. ತೊಳೆದು ತೊಳೆದು ಬಿರಿದ ಬೆರಳುಗಳನ್ನೇ ನೋಡುತ್ತಿದ್ದಳು.

"ಮೊದಲನೇ ಗಾಯ ಕೀವಾದಾಗ ನಂದೇ ತಪ್ಪಿರಬೇಕು ಅಂದ್ಕೊಂಡೆ. ಅವತ್ತಿಂದ ಎಲ್ಲಾನೂ ಎರಡೆರಡು ಸಲ ತೊಳೆದೆ ಕಣೇ... ಇದೇ ನೀರಲ್ಲಿ."