ಆಯಿ ತಿಕ್ಕಿದ ರಾಕ್ಷಸ

"ಮುಟ್ಟಬ್ಯಾಡೋ! ಇನ್ನಾ ಹಸಿ ಐತಿ!"

ಪೂನಮ್ ಕೂಗಿದ ಜೋರಿಗೆ ತಮ್ಮ ಸಚಿನ ಚಾಚಿದ್ದ ಕೈಯನ್ನು ತಟ್ಟನೆ ಹಿಂದಕ್ಕೆಳೆದುಕೊಂಡ. ಕಿಟಕಿಯಲ್ಲಿ ಅವಳ ರಾಕ್ಷಸ ಸೈನಿಕ ನಿಂತಿದ್ದ. ಬೆರಳುದ್ದದವನು, ಆದರೆ ಮೀಸೆ ನೋಡಿದರೆ ಹೆದರಬೇಕು! ಬೆಳಗಾವಿಯ ಮಾಮಾ ಕೊಟ್ಟಾಗ ಬರೀ ಬೂದು ಪ್ಲಾಸ್ಟಿಕ್. ಈಗ ನೋಡಿ, ಕತ್ತಿಗೆ ತುಕ್ಕು, ಹಿತ್ತಾಳೆ ಗುರಾಣಿಗೆ ಹಸಿರು ಕಿಲುಬು. ಎಲ್ಲವೂ ಬಣ್ಣವೇ. ಪಾತ್ರೆ ತಿಕ್ಕುವ ಸ್ಪಂಜಿನ ಚೂರನ್ನು ಬಣ್ಣದಲ್ಲಿ ಅದ್ದಿ ಅದ್ದಿ ಒತ್ತಿದ್ದಳು.

"ಅಕ್ಕಾ, ಖರೇನ ನೂರ ವರ್ಷ ಹಳೇದ ಕಾಣತೈತಿ!"

"ಹೌದಲಾ? ಇವತ್ತ ಸಾಲ್ಯಾಗ ಮಾಡೆಲ್ ಶೋ. ಸರ್ ನೋಡಿ, ಇದು ಪ್ಲಾಸ್ಟಿಕ್ ಅಲ್ಲ ಅನ್ನಬೇಕ, ಅಷ್ಟ!"

ಕುಣಿಯುತ್ತಲೇ ಸ್ನಾನಕ್ಕೆ ಹೋದಳು. ಜಡೆ ಹಾಕಿಕೊಂಡು ಬಂದು ನೋಡಿದರೆ ಕಿಟಕಿ ಖಾಲಿ!

ಹಿತ್ತಲಿನಿಂದ ಸರಸರ ಸದ್ದು ಬರುತ್ತಿತ್ತು. ಅಂದು ಸೋಮವಾರ. ಅಜ್ಜಿ ಸತ್ಯವ್ವ, ಮಕ್ಕಳ ಬಾಯಲ್ಲಿ ಆಯಿ, ಸೋಮವಾರ ದೇವರ ಜಗಲಿಯ ಹಿತ್ತಾಳೆ ಮೂರ್ತಿಗಳನ್ನು ಹುಣಸೆಹಣ್ಣು ಹಚ್ಚಿ ತೊಳೆಯದೆ ಚಹಾ ಸಹ ಕುಡಿಯುವುದಿಲ್ಲ. ಪೂನಮ್ ಓಡಿಹೋಗಿ ನೋಡಿದರೆ ಆಯಿಯ ಕೈಯಲ್ಲಿ ಅವಳ ಸೈನಿಕ!

"ಆಯೀ! ಅದನ್ಯಾಕ ತಿಕ್ಕಿದಿ?"

"ಎಂಥಾ ಕಿಲಬ ಹಿಡದಿತ್ತವಾ! ವೀರಭದ್ರದೇವರನ್ನ ಹಿಂಗ ಇಡತಾರೇನ? ಅದಕ್ಕ ತಂದು ತಿಕ್ಕಿದ್ನಿ."

"ಅದು ದೇವರಲ್ಲ, ರಾಕ್ಷಸ! ಪ್ಲಾಸ್ಟಿಕ್ ಐತಿ!"

"ಶಿವಶಿವಾ!" ಆಯಿಯ ಕೈ ನಿಂತಿತು. "ಹಗೂರ ಐತಿ ಅನಸ್ತು. ಈಗಿನ ಹಿತ್ತಾಳಿ ಎಲ್ಲಾ ಹಿಂಗ ಅಂತ ಸುಮ್ಮನಾದ್ನಿ."

ಸಚಿನ ಬಿದ್ದು ಬಿದ್ದು ನಕ್ಕ. ಪೂನಮ್‌ಗೆ ಅಳು ಒತ್ತಿ ಬಂತು. ಐದು ದಿನದ ಕೆಲಸ! ಬೈಲಹೊಂಗಲದ ಬಸ್ಸಿಗೆ ಇನ್ನು ಅರ್ಧ ತಾಸಷ್ಟೇ. ಸೈನಿಕನನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದಳು. ಹಿಡಿದವಳು ಹಾಗೇ ನಿಂತುಬಿಟ್ಟಳು.

ಗುರಾಣಿಯ ಉಬ್ಬಿದ ಅಂಚುಗಳಲ್ಲಿ ಮೇಲಿನ ಬಣ್ಣ ಹೋಗಿ, ಕೆಳಗಿನ ಹಿತ್ತಾಳೆ ಬಣ್ಣ ಮಿಂಚುತ್ತಿತ್ತು. ಸಂದುಗಳಲ್ಲಿ ಮಾತ್ರ ಕಿಲುಬು ಉಳಿದಿತ್ತು. ಅವಳು ಆಯಿಯ ಪಕ್ಕದಲ್ಲಿದ್ದ ಪೂಜೆಯ ಗಂಟೆಯನ್ನು ಎತ್ತಿ ನೋಡಿದಳು. ಅರೆ, ಅದೂ ಹಾಗೇ! ಕೈ ತಾಗುವ ಕಡೆಯೆಲ್ಲ ಥಳಥಳ, ಬೆರಳು ಹೋಗದ ಸಂದಿಯಲ್ಲಿ ಕಪ್ಪು. ತಾನೋ, ಕಿಲುಬನ್ನು ಎಲ್ಲ ಕಡೆ ಒಂದೇ ಸಮ ಬಳಿದಿದ್ದಳು. ಆ ಗುರಾಣಿಯನ್ನು ಯಾರೂ ಎಂದೂ ಮುಟ್ಟೇ ಇಲ್ಲವೇನೋ ಎಂಬಂತೆ.

"ಸಿಟ್ಟ ಬಂತೇನವಾ? ನಂದ ತಪ್ಪಾತು," ಎಂದಳು ಆಯಿ ಮೆಲ್ಲಗೆ.

ಪೂನಮ್ ಆಯಿಯ ಕೈ ನೋಡಿದಳು. ಹುಣಸೆ ರಸದಲ್ಲಿ ನೆನೆದು ಬೆರಳೆಲ್ಲ ಸುಕ್ಕಾಗಿದ್ದವು. ಎಷ್ಟು ಸೋಮವಾರ ತಿಕ್ಕಿದ್ದವೋ ಏನೋ.

ಅವಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಸೈನಿಕನನ್ನು ಮತ್ತೆ ಆಯಿಯ ಕೈಗೇ ಕೊಟ್ಟಳು.

"ಆಯಿ, ಕತ್ತಿ ತಿಕ್ಕೂದ ಉಳದೈತಿ. ಅಂವ ಕೈಲೆ ಹಿಡೀತಾನಲಾ, ಅಲ್ಲಷ್ಟ ತಿಕ್ಕು. ಮೆತ್ತಗ."

"ರಾಕ್ಷಸಗ?"

"ಹೂಂ, ರಾಕ್ಷಸಗ. ಲಗೂ ಆಯಿ, ಬಸ್ ಬರತೈತಿ!"